ಮನೋರೋಗವೂ ತಟ್ಟೆಯಲ್ಲಿ ಬೆಳೆದ ಮಿದುಳಿನ ಕೋಶಗಳೂ

2019ರ ಬೇಸಿಗೆಯ ರಜೆ. ನಾರಾಯಣಪೇಟೆಯು ಜಿಲ್ಲೆಯಾಗಿ ಇನ್ನೂ ಮೂರು ತಿಂಗಳು ತುಂಬಿತ್ತೋ ಇಲ್ಲವೋ. ಮಕ್ತಲದ ಕಡೆಯ ಒಬ್ಬ ತಾಯಿ ತಮ್ಮ ಕಿರಿಯ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರ ಹಿರಿಯ ಮಗ ನಮ್ಮಲ್ಲಿಯೇ ಓದಿದವನು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಒಂದು ಮಡಿಸಿದ ಕಾಗದವನ್ನು ಬಿಚ್ಚಿ ನಮ್ಮ ಕೈಗಿತ್ತು ಆಕೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಸರ, ದವಾಖಾನ್ಯಾಗ ಮನೀ ಮಂದಿದೆಲ್ಲಾ ರಗತ ಕೇಳ್ಯಾರ್ರಿ. ಅದರಾಗಿಂದ ಮಿದುಳು ಬೆಳಸ್ತಾರಂತ. ನನ್ನ ಮಗನ ಮಿದುಳು ಅಲ್ಲೇ ಬಾಟಲಿದಾಗ ಇಟ್ಕೊಂಡ್ರ ಇವನ ಗತಿ ಏನ್ರಿ?”

ಅದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯವರು ಕೊಟ್ಟ ಒಪ್ಪಿಗೆಯ ಪತ್ರ. ಕನ್ನಡದಲ್ಲಿಯೇ ಇದ್ದಿತು. ಆದರೆ ಆ ಕನ್ನಡವು ಆಕೆಯ ಕನ್ನಡವಾಗಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಅದು ಪೂರ್ತಿಯಾಗಿ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಬರಲು ಹೇಳಿ ಕಳುಹಿಸಿದೆವು. ಆ ಎರಡು ದಿನಗಳಲ್ಲಿ ಓದಿದುದೂ ಮುಂದಿನ ವರ್ಷಗಳಲ್ಲಿ ಬಿಡದೆ ಓದುತ್ತ ಬಂದುದೂ ಸೇರಿ ಈ ಲೇಖನವಾಗಿದೆ.

ನಾವು ಅಷ್ಟು ಆಸ್ಥೆಯಿಂದ ಓದಿದುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಟ್ಟು ಬರೆದರೆ ಸರಿಯಾಗದು. ಆ ಹುಡುಗ ಲೆಕ್ಕದಲ್ಲಿ ಚುರುಕು. ಹತ್ತನೆಯ ತರಗತಿಯ ನಡುವಿನಲ್ಲಿ ಇದ್ದಕ್ಕಿದ್ದಂತೆ ಮಂಕಾದನು. ಉತ್ತರಪತ್ರಿಕೆಯನ್ನು ಖಾಲಿ ಇಡುವುದು, ಕರೆದರೆ ಓಗೊಡದಿರುವುದು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವುದು. ನಾವು ಅದನ್ನು ಸೋಮಾರಿತನವೆಂದು ಎಣಿಸಿ ಬಾಗಿಲ ಹೊರಗೆ ನಿಲ್ಲಿಸಿದೆವು. ತಂದೆಯನ್ನು ಕರೆಸಿ ಹಾಗೆಯೇ ಹೇಳಿಯೂ ಬಿಟ್ಟೆವು. ಶಿಕ್ಷಕರ ತರಬೇತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಓದಿ ಅಂಕ ಗಳಿಸಿದವರು ನಾವು! ಮೂರು ವರ್ಷಗಳ ಮೇಲೆ ಅವನು ವಾರಗಟ್ಟಲೆ ನಿದ್ದೆಯಿಲ್ಲದೆ ಊರು ತಿರುಗಿ, ಸಾಲ ಮಾಡಿ ಸಿಕ್ಕಿದವರಿಗೆಲ್ಲ ಹಂಚಿ, ಅನಂತರ ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿ ಬಿದ್ದುಕೊಂಡಾಗ ಅದು ರೋಗವೆಂದು ಎಲ್ಲರಿಗೂ ತಿಳಿಯಿತು. ಉನ್ಮಾದ ಮತ್ತು ಖಿನ್ನತೆ ಸರದಿಯಾಗಿ ಬರುವ ಈ ರೋಗಕ್ಕೆ ವೈದ್ಯರು ಬೈಪೋಲಾರ್ ರೋಗ ಎನ್ನುತ್ತಾರೆ. ಅವನ ಚಿಕ್ಕಪ್ಪನೊಬ್ಬನಿಗೂ ಹೀಗೆಯೇ ಇದ್ದಿತಂತೆ. ಗಾಳಿ ಸೋಂಕಿದೆಯೆಂದು ಮಗ್ಗದ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿದ್ದರು. ಔಷಧವನ್ನೇ ಕಾಣದೆ ತೀರಿಹೋದನು.

ಮೊದಲು ತೊಡಕು ಯಾವುದೆಂಬುದನ್ನು ನೋಡೋಣ. ಕ್ಷಯವಿದೆಯೆಂಬ ಸಂಶಯ ಬಂದರೆ ಕಫವನ್ನು ಪರೀಕ್ಷಿಸುತ್ತಾರೆ. ಸಕ್ಕರೆ ರೋಗಕ್ಕೆ ಬೆರಳ ತುದಿಯ ರಕ್ತ ಸಾಕು. ಪಿತ್ತಜನಕಾಂಗದ ರೋಗವಾದರೆ ಸೂಜಿಯಿಂದ ಒಂದಿಷ್ಟು ತುಣುಕನ್ನು ತೆಗೆದು ನೋಡಬಹುದು. ಆದರೆ ಬದುಕಿರುವ ಮನುಷ್ಯನ ಮಿದುಳನ್ನು ಕತ್ತರಿಸಿ ನೋಡುವವರು ಯಾರು? ತಲೆಬುರುಡೆಯೊಳಗೆ ಬೀಗ ಹಾಕಿಟ್ಟ ವಸ್ತು ಅದು. ಸತ್ತವರ ಮಿದುಳನ್ನು ಪರೀಕ್ಷಿಸುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರು ಇದಕ್ಕಾಗಿಯೇ ಮಿದುಳಿನ ಭಂಡಾರವೊಂದನ್ನು ಕಟ್ಟಿದರು. ಆದರೆ ರೋಗ ಇಪ್ಪತ್ತರ ಹರೆಯದಲ್ಲಿ ತಲೆದೋರಿ, ಮಿದುಳು ಎಪ್ಪತ್ತರಲ್ಲಿ ಕೈಗೆ ಸಿಕ್ಕರೆ, ಅದರಲ್ಲಿ ರೋಗದ ಗುರುತು ಯಾವುದು, ಮುಪ್ಪಿನದು ಯಾವುದು, ಐವತ್ತು ವರ್ಷ ನುಂಗಿದ ಗುಳಿಗೆಗಳದು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಇಲಿಯನ್ನು ಇಟ್ಟುಕೊಂಡು ನೋಡೋಣವೆಂದರೆ, ತನಗೆ ಯಾರೋ ಬೈಯುವ ದನಿ ಕೇಳುತ್ತಿದೆಯೆಂದು ಇಲಿ ಹೇಳಲಾರದಷ್ಟೆ.

ಆದುದರಿಂದಲೇ ಮನೋರೋಗದ ಔಷಧಗಳು ಬಹುಮಟ್ಟಿಗೆ ಅಕಸ್ಮಾತ್ತಾಗಿ ದೊರೆತವು. 1940ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಬೇರೇನನ್ನೋ ಶೋಧಿಸುತ್ತ ಗಿನಿಹಂದಿಗಳಿಗೆ ಲಿಥಿಯಂ ಲವಣವನ್ನು ಚುಚ್ಚಿದಾಗ ಅವು ಸುಮ್ಮನಾದುದನ್ನು ಕಂಡು ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದನು. 1952ರಲ್ಲಿ ಪ್ಯಾರಿಸಿನ ವೈದ್ಯರು ಮನೋರೋಗಿಗಳಿಗೆ ಕೊಡತೊಡಗಿದ ಕ್ಲೋರ್‌ಪ್ರೊಮಝೀನ್ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದದ್ದು. ನಮ್ಮ ದೇಶದ ಸರ್ಪಗಂಧದ ಬೇರಂತೂ ಇವೆಲ್ಲಕ್ಕಿಂತ ಹಳೆಯದು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿಯೇ ಅದರ ಗುಣವನ್ನು ಬರೆದು ಪ್ರಕಟಿಸಿದ್ದರು. ಜಗತ್ತು ಅದನ್ನು ಗಮನಿಸಲು ಇಪ್ಪತ್ತು ವರ್ಷ ಬೇಕಾಯಿತು. ಔಷಧ ಸಿಕ್ಕಿತು ನಿಜ. ಅದು ಒಬ್ಬನಿಗೆ ಹಿಡಿದು ಇನ್ನೊಬ್ಬನಿಗೆ ಏಕೆ ಹಿಡಿಯುವುದಿಲ್ಲವೆಂಬುದು ಮಾತ್ರ ತಿಳಿಯದೆಯೇ ಉಳಿಯಿತು. ವೈದ್ಯರು ಒಂದನ್ನು ಕೊಟ್ಟು ಕೆಲವು ವಾರ ಕಾದು ನೋಡುತ್ತಾರೆ, ಆಗದಿದ್ದರೆ ಇನ್ನೊಂದು. ಆ ವಾರಗಳನ್ನು ಮನೆಯವರು ಹೇಗೆ ಕಳೆಯುತ್ತಾರೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಬೀಗ ಹಾಕಿದ ಈ ಮನೆಗೆ ಹಿಂಬಾಗಿಲೊಂದು ತೆರೆದುದು 2006ರಲ್ಲಿ. ಅದಕ್ಕೆ ಪೀಠಿಕೆ ಇನ್ನೂ ಹಿಂದಿನದು. ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ (ಕೆಂಪು ರಕ್ತಕಣದಂತಹ ಒಂದೆರಡನ್ನು ಬಿಟ್ಟು) ಅನುವಂಶೀಯತೆಯ ಗ್ರಂಥ ಪೂರ್ತಿಯಾಗಿ ಇದೆ. ಚರ್ಮದ ಕೋಶವು ಅದರಲ್ಲಿ ಚರ್ಮದ ಅಧ್ಯಾಯವನ್ನಷ್ಟೇ ಓದುತ್ತದೆ, ನರಕೋಶವು ನರದ ಅಧ್ಯಾಯವನ್ನು. ಉಳಿದ ಪುಟಗಳು ಹರಿದುಹೋಗಿಲ್ಲ, ಅಂಟಿಕೊಂಡಿವೆ ಅಷ್ಟೆ. ಇಂಗ್ಲೆಂಡಿನ ಜಾನ್ ಗರ್ಡನ್ 1962ರಲ್ಲಿ ಕಪ್ಪೆಮರಿಯ ಕರುಳಿನ ಕೋಶದ ಕೇಂದ್ರವನ್ನು ಮೊಟ್ಟೆಯೊಳಗಿಟ್ಟು ಹೊಸ ಗೊದಮೊಟ್ಟೆಗಳನ್ನು ಪಡೆದು ಇದನ್ನು ತೋರಿಸಿಕೊಟ್ಟರು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಕೋಶಗಳಲ್ಲಿಯೂ 2007ರಲ್ಲಿ ಮನುಷ್ಯನ ಕೋಶಗಳಲ್ಲಿಯೂ ಕೇವಲ ನಾಲ್ಕು ಜೀನುಗಳನ್ನು ಸೇರಿಸಿ, ಬೆಳೆದು ನಿಂತ ಕೋಶವನ್ನು ಮತ್ತೆ ಭ್ರೂಣದ ಸ್ಥಿತಿಗೆ ಒಯ್ದರು. ಇಬ್ಬರಿಗೂ 2012ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಹತ್ತನೆಯ ತರಗತಿ ಮುಗಿಸಿದವನನ್ನು ಮರಳಿ ಅಂಗನವಾಡಿಗೆ ಕಳುಹಿಸಿ ಬೇರೆಯೇ ವಿದ್ಯೆಯನ್ನು ಕಲಿಸಿದಂತೆ. ಹಾಗೆ ಹಿಂದಿರುಗಿದ ಕೋಶಕ್ಕೆ ಕಾಂಡಕೋಶವೆಂದು ಹೆಸರು. ಅದನ್ನು ಹೃದಯದ ಕೋಶವನ್ನಾಗಿಯೂ ಮಾಡಬಹುದು, ಮಿದುಳಿನ ಕೋಶವನ್ನಾಗಿಯೂ ಮಾಡಬಹುದು.

ಹಾಗಾದರೆ ಆ ತಾಯಿ ಕೇಳಿದಂತೆ ರಕ್ತದಿಂದ ಮಿದುಳು ಬರುತ್ತದೆಯೆ? ಬರುವುದು ಮಿದುಳಲ್ಲ, ಮಿದುಳಿನಲ್ಲಿರುವಂತಹ ಕೋಶಗಳು. ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆದು ಅದರಲ್ಲಿನ ಬಿಳಿಯ ಕಣಗಳನ್ನು ಬೇರ್ಪಡಿಸುತ್ತಾರೆ. ಯಮನಾಕರ ಜೀನುಗಳಿಂದ ಅವನ್ನು ಕಾಂಡಕೋಶಗಳನ್ನಾಗಿ ಮಾಡುತ್ತಾರೆ. ಅನಂತರ ಗರ್ಭದಲ್ಲಿ ಮಿದುಳು ಮೂಡುವಾಗ ಯಾವ ಯಾವ ರಾಸಾಯನಿಕ ಸೂಚನೆಗಳು ಯಾವ ಕ್ರಮದಲ್ಲಿ ದೊರೆಯುವುವೋ ಅವನ್ನೇ ಅದೇ ಕ್ರಮದಲ್ಲಿ ತಟ್ಟೆಯ ದ್ರವಕ್ಕೆ ಹಾಕುತ್ತಾರೆ. ದೇಹದ ಬಿಸುಪಿನಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಕಾವು ಇರಬೇಕು. ಆಹಾರದ ದ್ರವವನ್ನು ಆಗಾಗ ಬದಲಿಸಬೇಕು, ಒಂದು ಬೂಷ್ಟಿನ ಕಣ ಬಿದ್ದರೂ ತಿಂಗಳುಗಳ ಕೆಲಸ ಹಾಳು. ರೇಷ್ಮೆ ಹುಳ ಸಾಕಿದವರಿಗೆ ಈ ಎಚ್ಚರದ ಬೆಲೆ ಗೊತ್ತು. ಮೊದಲು ನರಕೋಶದ ಮರಿಗಳು, ಆಮೇಲೆ ಕವಲೊಡೆದು ಒಂದನ್ನೊಂದು ಮುಟ್ಟಿ ವಿದ್ಯುತ್ ಸಂಜ್ಞೆಗಳನ್ನು ಕಳುಹಿಸುವ ನರಕೋಶಗಳು. ಇದೆಲ್ಲ ಆಗಲು ವಾರಗಳಲ್ಲ, ತಿಂಗಳುಗಳೇ ಬೇಕು. ಬೇಡವಾದಾಗ ದ್ರವರೂಪದ ನೈಟ್ರೋಜನ್ನಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಬಿತ್ತನೆಯ ಬೀಜದ ಹಾಗೆ ಕಾದಿಡಬಹುದು.

ಇವುಗಳ ವಿಶೇಷವಿರುವುದು ಒಂದೇ ಮಾತಿನಲ್ಲಿ: ಇವು ಆ ರೋಗಿಯದೇ ಜೀನುಗಳನ್ನು ಹೊತ್ತ ನರಕೋಶಗಳು. ಅಮೆರಿಕದ ಕ್ರಿಸ್ಟನ್ ಬ್ರೆನ್ನಾಂಡ್, ಫ್ರೆಡ್ ಗೇಜ್ ಮತ್ತು ಸಂಗಡಿಗರು 2011ರಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳ ಚರ್ಮದಿಂದ ಹೀಗೆ ನರಕೋಶಗಳನ್ನು ಬೆಳೆಸಿ, ಅವು ಪರಸ್ಪರ ಕೊಂಡಿ ಹಾಕಿಕೊಳ್ಳುವುದು ಕಡಿಮೆಯೆಂದು ಕಂಡರು. ಐದು ಔಷಧಗಳನ್ನು ಹಾಕಿ ನೋಡಿದಾಗ ಲಾಕ್ಸಪೀನ್ ಎಂಬ ಒಂದರಿಂದ ಮಾತ್ರ ಕೊಂಡಿಗಳು ಎದ್ದುಕಾಣುವಂತೆ ಹೆಚ್ಚಿದವು. 2015ರಲ್ಲಿ ಗೇಜ್ ಅವರ ಪ್ರಯೋಗಶಾಲೆಯಿಂದಲೇ ಬಂದ ಇನ್ನೊಂದು ಶೋಧ ನಮಗೆ ಹೆಚ್ಚು ಹತ್ತಿರದ್ದು. ಬೈಪೋಲಾರ್ ರೋಗಿಗಳ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುತ್ತಿದ್ದವು. ತಟ್ಟೆಗೆ ಲಿಥಿಯಂ ಹಾಕಿದರೆ ಯಾರಿಗೆ ಲಿಥಿಯಂ ಗುಣ ಕೊಟ್ಟಿತ್ತೋ ಅವರ ಕೋಶಗಳು ಮಾತ್ರ ಶಾಂತವಾದವು, ಉಳಿದವರ ಕೋಶಗಳು ಹಾಗೆಯೇ ಉಳಿದವು. ಮನುಷ್ಯನಲ್ಲಿದ್ದ ಭೇದ ತಟ್ಟೆಯಲ್ಲಿಯೂ ಕಂಡಿತು.

ಚಪ್ಪಟೆಯ ತಟ್ಟೆಯಲ್ಲಿ ಕೋಶಗಳು ಒಂದೇ ಪದರವಾಗಿ ಹರಡುತ್ತವೆ, ಮಿದುಳಾದರೋ ಪದರಪದರವಾಗಿ ಕಟ್ಟಿದ್ದು. ಆಸ್ಟ್ರಿಯದ ವಿಯೆನ್ನಾದಲ್ಲಿ ಮ್ಯಾಡೆಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ಕ್ನೋಬ್ಲಿಕ್ ಅವರು 2013ರಲ್ಲಿ ಕಾಂಡಕೋಶಗಳನ್ನು ದ್ರವದಲ್ಲಿ ತೇಲಿಬಿಟ್ಟು ಉಂಡೆಯಾಗಿ ಬೆಳೆಸಿದರು. ಸುಮಾರು 4 ಮಿಲಿಮೀಟರ್ ಗಾತ್ರ, ಒಂದು ತೊಗರಿಕಾಳಿಗಿಂತ ದೊಡ್ಡದಲ್ಲ. ಆದರೆ ಒಳಗೆ ಭ್ರೂಣದ ಮಿದುಳಿನ ಪದರಗಳ ಹೋಲಿಕೆಯಿತ್ತು. ಇದಕ್ಕೆ ಆರ್ಗನಾಯ್ಡ್ ಎನ್ನುತ್ತಾರೆ, ಕಿರುಮಿದುಳೆಂದು ಪತ್ರಿಕೆಗಳು ಕರೆದು ಜನರನ್ನು ಹೆದರಿಸುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ಸೆರ್ಜಿಯು ಪಾಶ್ಕಾ ಅವರ ತಂಡವು 2022ರಲ್ಲಿ ಇಂತಹ ಉಂಡೆಗಳನ್ನು ಎಳೆಯ ಇಲಿಗಳ ಮಿದುಳಿನಲ್ಲಿ ನಾಟಿ ಮಾಡಿ ಇನ್ನಷ್ಟು ಬಲಿಯುವಂತೆ ಮಾಡಿತು. 2024ರಲ್ಲಿ ತಿಮೋಥಿ ಸಿಂಡ್ರೋಮ್ ಎಂಬ ಅತಿ ವಿರಳ ರೋಗದ ದೋಷವನ್ನು ಈ ಕೋಶಗಳಲ್ಲಿ ಸರಿಪಡಿಸುವ ಔಷಧದ ಮಾರ್ಗವನ್ನು ತೋರಿಸಿತು. ಆ ರೋಗಕ್ಕೆ ಕಾರಣವಾದ ಜೀನಿನ ಇತರ ಭೇದಗಳು ಬೈಪೋಲಾರ್ ಮತ್ತು ಸ್ಕಿಜೋಫ್ರೀನಿಯಾ ರೋಗಗಳೊಂದಿಗೂ ನಂಟು ಹೊಂದಿವೆ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು; ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಅದು ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇತ್ತ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ, ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರವೂ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಸ್ಥೆಯೂ ಇವೆ. ಒಂದೆಡೆ ರೋಗಿಗಳನ್ನು ಬಲ್ಲವರು, ಇನ್ನೊಂದೆಡೆ ಕೋಶಗಳನ್ನು ಬಲ್ಲವರು. ನಡುವೆ ಊರಿಗೆ ಊರೇ ಅಡ್ಡ. ಇವರು ಒಟ್ಟುಗೂಡಿ 2016ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ ಒಂದು ಯೋಜನೆಯನ್ನು ಕೈಗೊಂಡರು. ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ರೋಗ, ಮದ್ಯ ಮೊದಲಾದವುಗಳ ಚಟ, ಆಲ್ಝೈಮರ್ ಮರೆವು ಎಂಬ ಐದು ರೋಗಗಳನ್ನು ಕಾಂಡಕೋಶಗಳ ಮೂಲಕ ಅರಿಯುವುದು ಅದರ ಗುರಿ. ಡಾ. ಸಂಜೀವ ಜೈನ್ ಮೊದಲಾದ ನಿಮ್ಹಾನ್ಸಿನ ವೈದ್ಯರು ಇದರಲ್ಲಿದ್ದರು. 2023ರಲ್ಲಿ ರೋಹಿಣಿ ನಿಲೇಕಣಿ ದತ್ತಿಯ 100 ಕೋಟಿ ರೂಪಾಯಿಯ ನೆರವಿನಿಂದ ಮಿದುಳು ಮತ್ತು ಮನಸ್ಸಿನ ಕೇಂದ್ರವೊಂದಾಗಿ ಈ ಕೆಲಸ ಮುಂದುವರಿಯಿತು.

ಇವರ ಕ್ರಮದಲ್ಲಿ ನಮಗೆ ಮೆಚ್ಚುಗೆಯಾದುದು, ಒಬ್ಬ ರೋಗಿಯನ್ನಲ್ಲ, ಇಡೀ ಮನೆತನವನ್ನು ಹಿಡಿದುದು. ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ರೋಗವಿರುವ ಕುಟುಂಬಗಳನ್ನು ಆಯ್ದು, ರೋಗವಿಲ್ಲದ ಅಣ್ಣತಮ್ಮಂದಿರ ರಕ್ತವನ್ನೂ ಪಡೆದು, ವರ್ಷಗಟ್ಟಲೆ ಅವರ ಸ್ಥಿತಿಯನ್ನು ಗಮನಿಸುತ್ತಾರೆ. ಏಕೆ? ಈ ರೋಗಗಳಿಗೆ ಒಂದೇ ಜೀನು ಕಾರಣವಲ್ಲ. 2022ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದಲ್ಲಿ ಸ್ಕಿಜೋಫ್ರೀನಿಯಾಕ್ಕೆ ಸಂಬಂಧಪಟ್ಟ 287 ಸ್ಥಾನಗಳು ವರ್ಣತಂತುಗಳಲ್ಲಿ ಕಂಡವು, ಒಂದೊಂದರ ಪಾಲೂ ತೀರ ಚಿಕ್ಕದು. ಬೀದಿಯಲ್ಲಿ ಹೋಗುವ ಯಾರನ್ನೋ ರೋಗಿಯೊಡನೆ ಹೋಲಿಸಿದರೆ ಸಾವಿರ ವ್ಯತ್ಯಾಸಗಳು ಕಣ್ಣಿಗೆ ಕವಿಯುತ್ತವೆ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಒಂದೇ ಆಗಿರುವುದರಿಂದ ಹುಡುಕಬೇಕಾದ ಜಾಗ ಕಿರಿದಾಗುತ್ತದೆ. ಅಲ್ಲದೆ ಇಂತಹ ಜಾಗತಿಕ ಅಧ್ಯಯನಗಳಲ್ಲಿ ಹೆಚ್ಚಿನವರು ಐರೋಪ್ಯ ಮೂಲದವರು. ನಮ್ಮ ಗಡಿಯ ಈಚೆಗೂ ಆಚೆಗೂ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇಂದಿಗೂ ಅಳಿದಿಲ್ಲ. ಕನ್ನಡದವರು ಸೋದರಿಕೆ ಎನ್ನುತ್ತೇವೆ, ತೆಲುಗಿನವರು ಮೇನರಿಕಂ ಎನ್ನುತ್ತಾರೆ. ಹೀಗೆ ಹೆಣೆದುಕೊಂಡ ಮನೆತನಗಳ ಕಥೆಯನ್ನು ಲಂಡನ್ನಿನವರ ರಕ್ತ ಹೇಳಲಾರದು.

ಈ ಕೂಟದಿಂದ ಬಂದ ಎರಡು ಫಲಗಳನ್ನು ಹೇಳಬೇಕು. 2020ರಲ್ಲಿ ಪ್ರಕಟವಾದುದರಲ್ಲಿ 25 ಮಂದಿ ಬೈಪೋಲಾರ್ ರೋಗಿಗಳ ಮತ್ತು 12 ಮಂದಿ ಆರೋಗ್ಯವಂತರ ರಕ್ತದಿಂದ ಬೆಳೆಸಿದ ಕೋಶಗಳನ್ನು ಹೋಲಿಸಿದರು. ರೋಗಿಗಳಲ್ಲಿ 16 ಮಂದಿಗೆ ಲಿಥಿಯಂ ಹಿಡಿದಿತ್ತು, 9 ಮಂದಿಗೆ ಹಿಡಿದಿರಲಿಲ್ಲ. ರೋಗಿಗಳ ಕೋಶಗಳು ಹೆಚ್ಚಾಗಿ ಸಾಯುತ್ತಿದ್ದವು. ಲಿಥಿಯಂ ಹಿಡಿದಿದ್ದವರ ಕೋಶಗಳನ್ನು ತಟ್ಟೆಯಲ್ಲಿಯೂ ಲಿಥಿಯಂ ಬದುಕಿಸಿತು. ಇವು ನರಕೋಶಗಳಲ್ಲ, ರಕ್ತದ ಕೋಶಗಳೇ ಎಂಬುದನ್ನು ಓದುಗರು ಗಮನಿಸಬೇಕು. ನರಕೋಶದ ಮರಿಗಳನ್ನೂ ನೋಡಿದರು. ಆದರೆ ಅವು ಇಬ್ಬರು ರೋಗಿಗಳವು ಮಾತ್ರ.

ಎರಡನೆಯದು 2022ರದು. ಮಿದುಳು ರೂಪುಗೊಳ್ಳುವಾಗ ನರಕೋಶದ ಮರಿಗಳು ಹುಟ್ಟಿದ ಜಾಗದಲ್ಲಿ ಕೂರುವುದಿಲ್ಲ, ತಮ್ಮ ತಮ್ಮ ನೆಲೆಗೆ ನಡೆದು ಹೋಗುತ್ತವೆ. ಬೈಪೋಲಾರ್ ರೋಗವಿರುವ ಮನೆತನದವರ ಇಂತಹ ಮರಿಗಳನ್ನು ತಟ್ಟೆಯಲ್ಲಿ ಬಿಟ್ಟು ಹೊತ್ತುಹೊತ್ತಿಗೆ ಚಿತ್ರ ತೆಗೆದು ನೋಡಿದಾಗ ಅವುಗಳ ನಡಿಗೆಯ ವೇಗವೂ ದಿಕ್ಕೂ ಆರೋಗ್ಯವಂತರ ಕೋಶಗಳಂತಿರಲಿಲ್ಲ. ಗದ್ವಾಲದ ಸೀರೆಯನ್ನು ನೇಯುವುದನ್ನು ಕಂಡವರಿಗೆ ಇದರ ಅರ್ಥ ಬೇಗ ಹೊಳೆದೀತು. ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡೂ ಸೇರುವಲ್ಲಿ ಎಳೆಗೆ ಎಳೆ ಸರಿಯಾದ ಹೊತ್ತಿಗೆ ಬಂದು ಕೊಂಡಿ ಹಾಕಿಕೊಳ್ಳಬೇಕು. ಒಂದು ಎಳೆ ತಡವಾಗಿ ಬಂದರೂ ಸೀರೆ ಸೀರೆಯಾಗಿಯೇ ಕಾಣುತ್ತದೆ, ಉಟ್ಟು ನಡೆದಾಗಲಷ್ಟೇ ಆ ಜಾಗದಲ್ಲಿ ಬಿಡುತ್ತದೆ. ಹದಿನೆಂಟರವರೆಗೆ ಚೆನ್ನಾಗಿದ್ದ ಹುಡುಗನಿಗೆ ಅನಂತರ ಏಕೆ ಹೀಗಾಯಿತೆಂಬ ಪ್ರಶ್ನೆಗೆ ಇದೂ ಒಂದು ಉತ್ತರವಾಗಿರಬಹುದು. ಆಗಿಯೇ ಇದೆ ಎನ್ನಲು ಬಾರದು.

ಏಕೆಂದರೆ ತಟ್ಟೆಯ ಕೋಶಕ್ಕೆ ಮಿತಿಗಳು ಬಹಳ. ಅದಕ್ಕೆ ದುಃಖವಿಲ್ಲ, ಸಾಲವಿಲ್ಲ, ಪರೀಕ್ಷೆಯ ಭಯವಿಲ್ಲ, ಬಾಗಿಲ ಹೊರಗೆ ನಿಲ್ಲಿಸುವ ಮಾಸ್ತರರೂ ಇಲ್ಲ. ತಿಂಗಳುಗಳಷ್ಟು ಬೆಳೆದರೂ ಅದು ಭ್ರೂಣದ ಮಿದುಳಿನಷ್ಟೇ ಎಳೆಯದು. ಉಂಡೆಯೊಳಗೆ ರಕ್ತನಾಳಗಳಿಲ್ಲದ ಕಾರಣ ದೊಡ್ಡದಾದಂತೆ ನಡುಭಾಗ ಸಾಯುತ್ತದೆ. ಒಬ್ಬನದೇ ರಕ್ತದಿಂದ ಎರಡು ಸಲ ಬೆಳೆಸಿದ ಕೋಶಗಳು ಪರಸ್ಪರ ಬೇರೆಯಾಗಿ ವರ್ತಿಸುವುದೂ ಉಂಟು. ಇನ್ನೊಂದು ಮಾತು: ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ಸ್ಕಿಜೋಫ್ರೀನಿಯಾ ಬಂದರೆ ಇನ್ನೊಬ್ಬನಿಗೂ ಬರುವುದು ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ. ಉಳಿದ ಅರ್ಧ ಜೀನಿನಲ್ಲಿಲ್ಲ. ಬದುಕಿನಲ್ಲಿದೆ, ಗರ್ಭದಲ್ಲಿದೆ, ಮನೆಯಲ್ಲಿದೆ, ಶಾಲೆಯಲ್ಲಿಯೂ ಇದೆ. ಕಾಂಡಕೋಶದ ಹೆಸರಿನಲ್ಲಿ ಮನೋರೋಗವನ್ನು ವಾಸಿಮಾಡುತ್ತೇವೆಂದು ಹಣ ಕೇಳುವವರನ್ನು ಮಾತ್ರ ನಂಬಬಾರದು. ಇಲ್ಲಿ ಹೇಳಿದುದು ರೋಗವನ್ನು ಅರಿಯುವ ಉಪಾಯ, ಚಿಕಿತ್ಸೆಯಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯೂ ರಕ್ತದ ಕೆಲವು ರೋಗಗಳಂತಹವನ್ನು ಬಿಟ್ಟರೆ ಉಳಿದುದಕ್ಕೆ ಕಾಂಡಕೋಶಗಳನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಬಳಸುವಂತಿಲ್ಲವೆಂದು ವಿಧಿಸಿದೆ.

ಅಷ್ಟರವರೆಗೆ ಇರುವ ಔಷಧಗಳೇ ಗತಿ, ಅವು ಸಣ್ಣವೂ ಅಲ್ಲ. ದುಃಖದ ಸಂಗತಿಯೆಂದರೆ ಅವೂ ತಲಪುತ್ತಿಲ್ಲ. ನಿಮ್ಹಾನ್ಸಿನವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ರೋಗ ರೋಗಕ್ಕೆ ಭೇದವಿದ್ದರೂ, ಚಿಕಿತ್ಸೆ ದೊರೆಯದವರು ನೂರಕ್ಕೆ 70ರಿಂದ 92! ನಮ್ಮ ಭಾಗದವರಿಗೆ ಹೈದರಾಬಾದಿನ ಎರ್ರಗಡ್ಡೆ ಒಂದು ದಿಕ್ಕು, ಬೆಂಗಳೂರು ಇನ್ನೊಂದು ದಿಕ್ಕು, ಎರಡೂ ದೂರವೇ. 1956ರಲ್ಲಿ ಗೆರೆ ಎಳೆದವರು ರೋಗಿಯ ಭಾಷೆ ಯಾವುದೆಂದು ಕೇಳಲಿಲ್ಲ. ಮನಸ್ಸಿನ ನೋವನ್ನು ಮಾತ್ರ ಮನೆಯ ಭಾಷೆಯಲ್ಲದೆ ಹೇಳಿಕೊಳ್ಳಲಾಗದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿಗೆ, 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತಾಡಬಹುದು. ಈ ಸಂಖ್ಯೆಯನ್ನು ನಮ್ಮ ಸಂಘದ ಗೆಳೆಯರು ತಮ್ಮ ತಮ್ಮ ಶಾಲೆಯ ಫಲಕದ ಮೇಲೆ ಬರೆಸಿದರೆ ಖರ್ಚು ಒಂದು ಸೀಮೆಸುಣ್ಣದ್ದು.

ಎರಡು ದಿನಗಳ ಮೇಲೆ ಆ ತಾಯಿ ಮತ್ತೆ ಬಂದರು. ಆಗ ನಮಗೆ ತಿಳಿದಷ್ಟನ್ನು ಅವರ ಮಾತಿನಲ್ಲಿ ಹೇಳಿದೆವು. ಬೆಳೆಯುವುದು ಮಗನ ಮಿದುಳಲ್ಲ. ಕೊಟ್ಟ ರಕ್ತ ನಾಲ್ಕು ದಿನದಲ್ಲಿ ತುಂಬಿಕೊಳ್ಳುತ್ತದೆ. ಪತ್ರದಲ್ಲಿ ಬರೆದಿರುವಂತೆ ಹೆಸರನ್ನು ಹೊರಗೆ ಹೇಳುವುದಿಲ್ಲ, ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೆ ಚಿಕಿತ್ಸೆ ನಿಲ್ಲುವುದಿಲ್ಲ. ಆಕೆ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಇದರಿಂದ ನನ್ನ ಮಗಗ ಆರಾಮ ಆಗ್ತದೇನ್ರಿ?” ಇವನಿಗೆ ಆಗಲಿಕ್ಕಿಲ್ಲವೆಂದೆವು. ಮುಂದೆ ಯಾರದೋ ಮಗನಿಗೆ ಆಗಬಹುದೆಂದೂ ಹೇಳಿದೆವು. ಬಹಳ ಹೊತ್ತು ಸುಮ್ಮನೆ ಕುಳಿತರು.

ಆಗ ಕಿರಿಯವನು ಕೇಳಿದನು, ತನಗೆ ರೋಗವಿಲ್ಲ, ತನ್ನ ರಕ್ತವೇಕೆ ಎಂದು. ಹೋಲಿಸಿ ನೋಡಲು ಎಂದೆವು. ಆದರೆ ಅವನು ಕೇಳಿದ್ದು ಅದನ್ನಲ್ಲ. ನಾಳೆ ಹೆಣ್ಣು ಕೊಡುವವರಿಗೆ ತಿಳಿದರೆ ಏನು ಗತಿ ಎಂಬುದು ಅವನ ಮನಸ್ಸಿನಲ್ಲಿದ್ದ ಪ್ರಶ್ನೆ, ನಮ್ಮ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ತಾಯಿ ಕಾಗದವನ್ನು ಮಡಿಸಿ ಮತ್ತೆ ಸೆರಗಿಗೆ ಕಟ್ಟಿಕೊಂಡರು.

ಮುಂದಿನ ವಾರ ರಾಯಚೂರಿನಿಂದ ರೈಲು ಹತ್ತಿ ನಾಲ್ವರೂ ಬೆಂಗಳೂರಿಗೆ ಹೋದರೆಂದು ಅನಂತರ ಗೊತ್ತಾಯಿತು. ಮೂವರು ರಕ್ತ ಕೊಟ್ಟರಂತೆ. ಕಿರಿಯವನು ಆ ಸಲ ಕೊಡಲಿಲ್ಲ.